ಮೂವತ್ಮೂರು ಪೆಟ್ಟಿಗೆ ಬೆಂಕಿ

"ನನ್ನ ಮಂಡಿ ನೋಡಿ ಬೇಕಾದ್ರೆ. ನಲವತ್ನಾಲ್ಕು ವರ್ಷ ಕಂಡವರ ಮನೆ ನೆಲದ ಮೇಲೆ ತೆವಳಿದ ಮಂಡಿ. ಈ ಊರಲ್ಲಿ ಯಾರ ಮನೆ ಅಡುಗೆಮನೆ ನೆಲ ಹೇಗಿದೆ ಅಂತ ಕೇಳಿ, ಕಣ್ಣು ಮುಚ್ಕೊಂಡು ಹೇಳ್ತೀನಿ. ಚರ್ಚಿನ ಬಚ್ಚಲಲ್ಲಿ ಏಳನೇ ಸಾಲಿನ ಟೈಲ್ಸ್ ಒಂದು ಎಳೆ ಓರೆ ಇದೆ, ಅದೂ ಗೊತ್ತು. ಓರೆ ಮಾಡಿದವನು ನಾನೇ ಅಲ್ವಾ. ಆದ್ರೆ ಅದೇ ಬಚ್ಚಲ ಚಾವಣಿ ಯಾವ ಬಣ್ಣ ಅಂತ ಕೇಳಿ ನೋಡೋಣ. ಗೊತ್ತಿಲ್ಲ. ಚಾವಣಿ ಇದೆಯೋ ಇಲ್ವೋ, ಅದನ್ನೇ ಪ್ರಮಾಣ ಮಾಡಿ ಹೇಳೋಕಾಗಲ್ಲ. ಇಂಥವನನ್ನ ಕರ್ಕೊಂಡು ಬಂದು, ಬೆಂಕಿ ಎಲ್ಲಿವರೆಗೂ ಹೋಗತ್ತೆ ನೀನೇ ಹೇಳಪ್ಪ ಅಂತ ಕೂರಿಸಿದ್ರು. ನಾನೂ ಗಂಟಲು ಸರಿ ಮಾಡ್ಕೊಂಡು ಹೇಳ್ಬಿಟ್ಟೆ. ಮೂವತ್ತೊಂದು ವರ್ಷ ಯಾರೂ ತಿರುಗಿ ಕೇಳ್ಲಿಲ್ಲ. ಅದು ನನ್ನ ಬುದ್ಧಿ ಅಂತ ತಿಳ್ಕೊಂಡಿದ್ದೆ. ಬುದ್ಧಿ ಅಲ್ಲ, ಗಂಟಲು."

ಲೈಲ್ ಜಾಸ್ಟ್ರೋ ಈಗ ಈ ಮಾತನ್ನು ಯಾರು ಕೇಳಿದರೂ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ಎಪ್ಪತ್ನಾಲ್ಕು ವರ್ಷ. ಟೈಲ್ಸ್ ಕೆಲಸ ಬಿಟ್ಟು ಆರು ವರ್ಷವಾದರೂ ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಕಾಲ ಕೆಳಗೆ. ಎದುರಿಗೆ ನಿಂತವರ ಮುಖ ಆಮೇಲೆ.

ವಿಸ್ಕಾನ್ಸಿನ್ನಿನ ಹಾಲ್ಟರ್ ಲೇಕ್ ಊರಲ್ಲಿ, ಅವನ ಮನೆಯ ನೆಲಮಾಳಿಗೆಯಲ್ಲಿ, ನಲವತ್ತು ವರ್ಷದಿಂದ ಭಾನುವಾರ ಮಧ್ಯಾಹ್ನ ಒಂದು ಆಟ ನಡೆಯುತ್ತದೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಬ್ಬ ಕೊಡಲಿಯವ, ಹೀಗೆ ಒಂದೊಂದು ವೇಷ ಕಟ್ಟಿಕೊಂಡು ಕಥೆಯೊಳಗೆ ಹೊಕ್ಕು, ನಾನು ಬಾಗಿಲು ಒದೆಯುತ್ತೇನೆ, ನಾನು ಮಂತ್ರ ಹಾಕುತ್ತೇನೆ ಎನ್ನುತ್ತಾರೆ. ವೇಷವೆಂದರೆ ಬಣ್ಣ, ಬಟ್ಟೆ ಏನೂ ಇಲ್ಲ. ಒಂದು ಹಾಳೆ, ಒಂದು ಪೆನ್ಸಿಲ್, ದಾಳ. ನಡುವೆ ಚೌಕುಳಿ ಹಾಳೆಯ ಮೇಲೆ ಗುಹೆಯ ನಕ್ಷೆ. ಒಂದು ಚೌಕಕ್ಕೆ ಹತ್ತಡಿ.

ಅಲ್ಲಿ ಲೈಲ್ ಜಡ್ಜ್ ಆದದ್ದು ಆ ಚೌಕಗಳಿಂದಲೇ. ಆಟ ಶುರುವಾದ ಹೊಸತರಲ್ಲಿ ದೊಡ್ಡ ಜಗಳವಿತ್ತು. ಆಟದ ನಿಯಮಗಳ ಪುಸ್ತಕದಲ್ಲಿ ಮಂತ್ರಗಳೆಲ್ಲ ದುಂಡಗೆ ಹರಡುತ್ತವೆ, ಹಾಳೆಯಲ್ಲಿರುವುದು ಚೌಕ. ದುಂಡಗಿನದರ ಅಂಚು ಅರ್ಧಂಬರ್ಧ ತಾಗಿದ ಚೌಕದಲ್ಲಿ ನಿಂತವನು ಸತ್ತನೋ, ಬದುಕಿದನೋ? ಈ ಒಂದು ಮಾತಿಗೆ ಇಬ್ಬರು ಸೋದರರು ಎರಡು ವಾರ ಮಾತು ಬಿಟ್ಟಿದ್ದರು. ಲೈಲ್ ಕೇಳಿದ: "ಕಂಬದ ಸುತ್ತ ಟೈಲ್ಸ್ ಹಾಕುವಾಗ ಏನ್ ಮಾಡ್ತೀವಿ? ಅರ್ಧಕ್ಕಿಂತ ಜಾಸ್ತಿ ಉಳಿದ್ರೆ ಪೂರ್ತಿ ಟೈಲು. ಕಮ್ಮಿ ಆದ್ರೆ ಚೂರು, ಬುಟ್ಟಿಗೆ." ಜಗಳ ಅಲ್ಲಿಗೇ ಮುಗಿಯಿತು. ಅಂದಿನಿಂದ ಅವನು ಟೈಲ್ಸ್ ಅಂಗಡಿಯವರು ಕೊಟ್ಟ ಹಸಿರು ಪುಸ್ತಕದಲ್ಲಿ ತೀರ್ಪುಗಳನ್ನು ಬರೆದಿಡತೊಡಗಿದ. ಇನ್ನೂರ ಹನ್ನೊಂದು ತೀರ್ಪು. ಒಂದಕ್ಕೂ ಅಡ್ಡಗೆರೆ ಬಿದ್ದಿರಲಿಲ್ಲ. ಅದನ್ನವನು ಬಂದವರಿಗೆಲ್ಲ ತೋರಿಸುತ್ತಿದ್ದ. ಹೆಂಡತಿ ಆರ್ಡಿಸ್ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದಳು, ಅಷ್ಟು ಹೊತ್ತು ಕೂತು ನೋಡಬೇಕಲ್ಲ ಪಾಪ ಎಂದು.

ಆ ಪುಸ್ತಕದ ಎಂಬತ್ತಾರನೇ ತೀರ್ಪು ಡೆಲ್ಮರ್ ಟೀಸ್‌ನದು.

ಡೆಲ್ಮರ್ ಚೀಸ್ ಕಾರ್ಖಾನೆಗೆ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು. ಲೈಲ್‌ನ ಹಳೆಯ ಸ್ನೇಹಿತ, ಒಂದೇ ವಯಸ್ಸು. ಅವನ ವೇಷ ಟೊರ್ವೆನ್ ಎಂಬ ಮಂತ್ರವಾದಿ. ಏಳು ವರ್ಷ ಸಾಕಿದ್ದ ಅವನನ್ನು. ಬೆಳಗಿನ ಜಾವ ಹಾಲು ತುಂಬಿಸಿಕೊಳ್ಳುವಾಗ ಹಸುಗಳ ಮುಂದೆ ಕೈ ಎತ್ತಿ ಮಂತ್ರ ಅಭ್ಯಾಸ ಮಾಡುತ್ತಿದ್ದನೆಂದೂ, ಹಸುಗಳು ಮೆಲುಕು ನಿಲ್ಲಿಸಿ ಕೇಳುತ್ತಿದ್ದವೆಂದೂ ಅವನೇ ಹೇಳಿಕೊಳ್ಳುತ್ತಿದ್ದ.

ಮೂವತ್ತೊಂದು ವರ್ಷದ ಹಿಂದಿನ ಆ ಭಾನುವಾರ ಕಥೆ ನಡೆಸುತ್ತಿದ್ದವನು ಲೈಲ್. ಉದ್ದನೆಯ ಓಣಿ, ಕೊನೆಗೆ ನಾಯಿ ಮೋರೆಯ ಕಬ್ಬಿಣದ ಬಾಗಿಲು, ಬಾಗಿಲಾಚೆ ಕೋಣೆ, ಕೋಣೆ ತುಂಬ ಹೆಣ ತಿನ್ನುವ ಪಿಶಾಚಿಗಳು. ಟೊರ್ವೆನ್ ಓಣಿಯಲ್ಲಿ, ಬಾಗಿಲಿಂದ ಆರನೇ ಚೌಕದಲ್ಲಿ ನಿಂತು ಬೆಂಕಿಯುಂಡೆ ಬಿಟ್ಟ. ಬಟಾಣಿಯಷ್ಟು ಕಿಡಿ ಹಾರಿಹೋಗಿ ಕೋಣೆಯಲ್ಲಿ ಸಿಡಿಯುವ ಮಂತ್ರ ಅದು. ಪುಸ್ತಕದ ಪ್ರಕಾರ ಆ ಬೆಂಕಿಗೆ ಮೂವತ್ಮೂರು ಪೆಟ್ಟಿಗೆ ಜಾಗ ಬೇಕು. ಒಂದೊಂದು ಪೆಟ್ಟಿಗೆಯೂ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ಬಯಲಲ್ಲಾದರೆ ಚಿಂತೆಯಿಲ್ಲ. ಕೋಣೆಯಲ್ಲಿ ಜಾಗ ಸಾಲದೆ ಹೋದರೆ ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿ ಬಾಗಿಲಿಂದ ಹೊರಗೆ ಬರುತ್ತದೆ, ಬಿಟ್ಟವನನ್ನೇ ಹುಡುಕಿಕೊಂಡು.

ಲೈಲ್ ಪೆನ್ಸಿಲ್ ತೆಗೆದುಕೊಂಡು ಎಣಿಸಿದ. ಕೋಣೆ ಆ ಕಡೆಗೆ ನಾಲ್ಕು ಚೌಕ, ಈ ಕಡೆಗೆ ಮೂರು. ಹನ್ನೆರಡು. ಮೂವತ್ಮೂರರಲ್ಲಿ ಹನ್ನೆರಡು ಹೋದರೆ ಇಪ್ಪತ್ತೊಂದು. ಆ ಇಪ್ಪತ್ತೊಂದು ಪೆಟ್ಟಿಗೆ ಬೆಂಕಿ ಓಣಿಗೆ ನುಗ್ಗಬೇಕು. ಓಣಿಯ ಅಗಲ ಒಂದೇ ಚೌಕ, ಅಂದರೆ ಇಪ್ಪತ್ತೊಂದು ಚೌಕದ ಉದ್ದಕ್ಕೂ ಬೆಂಕಿ.

"ಇಷ್ಟು ದೂರ ಬರತ್ತಾ?" ಎಂದು ಡೆಲ್ಮರ್ ಕೇಳಿದ. ಒಂದೇ ಸಲ ಕೇಳಿದ.

"ನೆಲ ಎಷ್ಟಿದೆಯೋ ಅಷ್ಟು ಬರತ್ತೆ," ಎಂದ ಲೈಲ್.

ದಾಳ ಉರುಳಿಸಿದರು. ಟೊರ್ವೆನ್ ಸತ್ತ.

ಡೆಲ್ಮರ್ ನಾಲ್ಕು ತಿಂಗಳು ಬರಲಿಲ್ಲ. ಅಂಗಡಿಯಲ್ಲಿ ಸಿಕ್ಕರೆ ಮಳೆ, ಮಂಜು, ಇಷ್ಟೇ ಮಾತು. ಜಿಂಕೆ ಬೇಟೆಯ ಕಾಲ ಮುಗಿದ ಮೇಲೆ ಒಂದು ಭಾನುವಾರ ಹೊಸ ಹಾಳೆ ಹಿಡಿದು ಮೆಟ್ಟಿಲಿಳಿದು ಬಂದ. ಹೊಸ ವೇಷ ಬೊಗ್ ಎಂಬ ಕೊಡಲಿಯವನದು. "ಇವನಿಗೆ ಓದೋಕೆ ಬರಲ್ಲ," ಎಂದ. "ಹಾಗಾಗಿ ಯಾವ ಪುಸ್ತಕ ತೋರಿಸಿಯೂ ಇವನನ್ನ ಸಾಯಿಸೋಕಾಗಲ್ಲ."

ಅದಾದ ಮೇಲೆ ಅವನು ಮಂತ್ರದ ಗೊಡವೆಗೆ ಹೋಗಲಿಲ್ಲ. ಆದರೆ ಬಿಡಲೂ ಇಲ್ಲ. ಯಾರ ಮನೆ ಹಿತ್ತಲಲ್ಲಿ ಮಾಂಸ ಸುಡುತ್ತಿದ್ದರೂ, "ಜಡ್ಜಪ್ಪ, ಈ ಬೆಂಕಿ ಎಷ್ಟು ಚೌಕ ಬರತ್ತೆ ಹೇಳ್ಬಿಡು, ಕುರ್ಚಿ ಹಿಂದಕ್ಕೆ ಹಾಕ್ಕೋತೀನಿ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಲೈಲ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ, ಏಕೆಂದರೆ ತೀರ್ಪು ಸರಿಯಿತ್ತು.

ಈಗ ಆಟದಲ್ಲಿ ಉಳಿದವರು ಮೂವರು. ಲೈಲ್‌ನ ಕಣ್ಣು ಮಂಜಾದ ಮೇಲೆ ಕಥೆ ನಡೆಸುವವಳು ಆರ್ಡಿಸಳ ತಂಗಿ ನೋರೀನ್, ಶಾಲೆಯ ಅಡುಗೆಯವಳು. ಅವಳು ಆಟಕ್ಕೆ ಸೇರಿದ್ದು ಟೊರ್ವೆನ್ ಸತ್ತು ಎಷ್ಟೋ ವರ್ಷದ ಮೇಲೆ. ಲೈಲ್‌ನ ವೇಷ ಹದಿನಾಲ್ಕು ಭಾಷೆ ಬಲ್ಲ ಒಬ್ಬ ಪಂಡಿತನದು. ಆ ಪಂಡಿತ ಬಾಯಿ ತೆರೆದರೆ ಮುಚ್ಚುವುದಿಲ್ಲ. ವೇಷ ಯಾವುದು, ಲೈಲ್ ಯಾವುದು ಎಂದು ಬೇರೆ ಮಾಡುವುದು ಕಷ್ಟ ಎಂದು ನೋರೀನ್ ಹೇಳುತ್ತಿದ್ದಳು.

ಈ ಜುಲೈಯ ಒಂದು ಭಾನುವಾರ. ಹೊರಗೆ ಸೆಕೆ, ನೆಲಮಾಳಿಗೆಯಲ್ಲಿ ತಂಪು. ಮೂಲೆಯಲ್ಲಿ ತೇವ ಹೀರುವ ಯಂತ್ರ ಗುಂಯ್ ಎನ್ನುತ್ತಿತ್ತು. ಇನ್ನೊಂದು ಮೂಲೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಆರ್ಡಿಸ್ ಎಂದಿನಂತೆ ಹಾಸಿಗೆಯ ಹೊದಿಕೆಗಳನ್ನು ಮಡಿಸುತ್ತಿದ್ದಳು. ಮೇಜಿನ ಮೇಲೆ ಸಾಸೇಜು, ಬಿಯರು, ಹಳದಿ ಚೀಸಿನ ಗಟ್ಟಿ, ಅದನ್ನು ಕತ್ತರಿಸಿದ ತುಂಡುಗಳು. ಕತ್ತರಿಸಿದವನು ಲೈಲ್, ಒಂದೊಂದು ತುಂಡೂ ಅಳತೆಪಟ್ಟಿ ಇಟ್ಟ ಹಾಗಿತ್ತು.

"ವಾರವೆಲ್ಲ ಹುರುಳಿಕಾಯಿ ಬಾಟ್ಲಿಗೆ ತುಂಬೋದೇ ಆಯ್ತು," ಎಂದಳು ನೋರೀನ್. "ಹೊಸ ನಕ್ಷೆ ಬರೆಯೋಕೆ ಪುರುಸೊತ್ತಾಗ್ಲಿಲ್ಲ. ಲೈಲ್, ನಿನ್ನ ಹಳೇ ಪೆಟ್ಟಿಗೆಯಿಂದ ಒಂದು ತಗೊಂಡಿದೀನಿ. ಯಾರಿಗೂ ನೆನಪಿರಲ್ಲ ಬಿಡು."

ಆಟ ಶುರುವಾಯಿತು. ಉದ್ದನೆಯ ಓಣಿ ಎಂದಳು. ಕೊನೆಗೆ ಕಬ್ಬಿಣದ ಬಾಗಿಲು ಎಂದಳು. ಬಾಗಿಲ ಮೇಲೆ ನಾಯಿಯ ಮೋರೆ ಎಂದಳು.

ಬಾಯಿಗೆ ಹೊರಟಿದ್ದ ಡೆಲ್ಮರನ ಕೈ ಅಲ್ಲೇ ನಿಂತಿತು. "ಈ ಬಾಗಿಲು ನನಗೆ ಗೊತ್ತು."

"ನಿನಗೆ ಗೊತ್ತಿರಬಹುದು. ಬೊಗ್‌ಗೆ ಗೊತ್ತಿಲ್ಲ. ಅವನು ಇಲ್ಲಿಗೆ ಬಂದೇ ಇಲ್ಲ."

"ಅವನಿಗೆ ಗೊತ್ತಿಲ್ಲ, ಅವನ ಕಾಲಿಗೆ ಗೊತ್ತು. ಬೊಗ್ ಇಪ್ಪತ್ತೆರಡನೇ ಚೌಕದಲ್ಲಿ ನಿಲ್ತಾನೆ. ಒಂದು ಚೌಕನೂ ಮುಂದೆ ಬರಲ್ಲ. ಏನಂತೀಯ ಜಡ್ಜಪ್ಪ, ಇಪ್ಪತ್ತೆರಡು ಸಾಕಾ?"

"ಸಾಕು, ಸಾಕು," ಎಂದು ಲೈಲ್ ನಕ್ಕ. ಬಾಗಿಲು ತೆರೆದವನು ಅವನ ಪಂಡಿತ.

ನೋರೀನ್ ಕನ್ನಡಕ ಮೂಗಿನ ತುದಿಗೆ ಇಳಿಸಿ, ನಕ್ಷೆಯ ಅಂಚಿನಲ್ಲಿ ಲೈಲ್‌ನದೇ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿದಳು: "ಕೋಣೆ ನಲವತ್ತಡಿಗೆ ಮೂವತ್ತಡಿ. ಚಾವಣಿ ಮೂವತ್ತಡಿ ಮೇಲೆ. ತುಂಬ ಬಾವಲಿ."

ಲೈಲ್‌ನ ನಗು ನಿಂತಿತು.

ಮೇಜಿನ ಕೆಳಗೆ ಬೆರಳು ಮಡಿಸಿ ಎಣಿಸಿದ. ನೆಲಕ್ಕೆ ಹನ್ನೆರಡು. ಅದರ ಮೇಲೆ ಇನ್ನೊಂದು ಹನ್ನೆರಡು. ಅದರ ಮೇಲೆ ಮತ್ತೊಂದು ಹನ್ನೆರಡು. ಮೂವತ್ತಾರು. ಬೆಂಕಿಗೆ ಬೇಕಾಗಿದ್ದದ್ದು ಮೂವತ್ಮೂರು. ಬೆರಳು ತಪ್ಪಿತೇನೋ ಎಂದು ಮತ್ತೆ ಎಣಿಸಿದ. ಬೆರಳು ತಪ್ಪಿರಲಿಲ್ಲ. ಎತ್ತರವೂ ಇದ್ದ ಬೆಂಕಿಯನ್ನು ತೆಗೆದುಕೊಂಡು ಅವನು ಟೈಲ್ಸ್ ಹಾಕಿದ ಹಾಗೆ ನೆಲಕ್ಕೆ ಹಾಸಿಬಿಟ್ಟಿದ್ದ. ಮೇಲೆ ಎರಡು ಅಂತಸ್ತು ಖಾಲಿ ಬಿಟ್ಟು, ಉಳಿದದ್ದನ್ನು ಸ್ನೇಹಿತನ ಮುಖದ ಮೇಲೆ ಸುರಿದಿದ್ದ.

ಉಳಿದಿಬ್ಬರಿಗೆ ಏನೂ ಹೊಳೆದಿರಲಿಲ್ಲ. ನೋರೀನ್ ಬಾವಲಿಗಳನ್ನು ಹಾರಿಸುತ್ತಿದ್ದಳು, ಡೆಲ್ಮರ್ ಚೀಸು ಅಗಿಯುತ್ತಿದ್ದ. ಸುಮ್ಮನಿದ್ದರೆ ಆಯಿತು. ಬಿಯರು ಚೆಲ್ಲಿ ನಕ್ಷೆ ಹಾಳು ಮಾಡಿದರೆ ಇನ್ನೂ ಭದ್ರ. ಲೈಲ್ ಬಿಯರಿನ ಸೀಸೆಯನ್ನು ಎರಡು ಇಂಚು ನಕ್ಷೆಯ ಕಡೆಗೆ ಸರಿಸಿಯೂ ನೋಡಿದ. ಆಮೇಲೆ ಕೈ ತೊಳೆಯಬೇಕೆಂದು ಎದ್ದು ಮೂಲೆಯ ತೊಟ್ಟಿಯ ಹತ್ತಿರ ಹೋದ.

"ಆರ್ಡಿಸ್," ಎಂದ ಮೆಲ್ಲಗೆ. "ಆ ಕೋಣೆಗೆ ಚಾವಣಿ ಮೂವತ್ತಡಿ ಇತ್ತು."

"ಹೌದು," ಎಂದಳು ಆರ್ಡಿಸ್, ಹೊದಿಕೆಯ ಎರಡು ಮೂಲೆ ಜೋಡಿಸುತ್ತ. "ನೀನೇ ಹೇಳಿದ್ದೆ. ಬಾವಲಿ ಮೂವತ್ತಡಿ ಮೇಲೆ ನೇತಾಡ್ತಿವೆ, ಕೈಗೆ ಸಿಗಲ್ಲ ಅಂತ. ಆಮೇಲೆ ಬೆಂಕಿ ಬಂದಾಗ ಬಾವಲಿ ಸುದ್ದಿನೇ ಎತ್ತಲಿಲ್ಲ."

"ನಿನಗೆ ಆವತ್ತೇ ಗೊತ್ತಿತ್ತಾ?"

"ನಿಮ್ಮ ಪುಸ್ತಕದಲ್ಲಿ ಬೆಂಕಿ ಮೇಲಕ್ಕೆ ಹೋಗಲ್ಲವೇನೋ ಅಂದ್ಕೊಂಡೆ. ನನ್ನ ಒಲೇಲಿ ಮೇಲಕ್ಕೇ ಹೋಗತ್ತೆ."

"ಮೂವತ್ತೊಂದು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲೇ."

"ನಾನು ಆಟದಲ್ಲಿ ಇದ್ನಾ? ಬಟ್ಟೆ ಮಡಿಸ್ತಿದ್ದೆ. ಆ ತುದಿ ಹಿಡ್ಕೋ."

ಲೈಲ್ ತುದಿ ಹಿಡಿದುಕೊಂಡ. ಇಬ್ಬರೂ ಹತ್ತಿರ ಬಂದು ಹೊದಿಕೆ ಮಡಿಸಿದರು. "ಹೇಳಿದ್ರೆ ಅವನು ಎದ್ದು ಹೋಗ್ತಾನೆ," ಎಂದ ಲೈಲ್. "ಆಗ ನಾಲ್ಕು ತಿಂಗಳು ಹೋಗಿದ್ದ. ನಾಲ್ಕು ತಿಂಗಳು ಇನ್ನೊಂದು ಸಲ ಎಲ್ಲಿಂದ ತರೋಣ ಈ ವಯಸ್ಸಲ್ಲಿ? ಇಬ್ಬರಲ್ಲಿ ಆಟನೂ ನಡೆಯಲ್ಲ."

"ಹೇಳದಿದ್ರೆ?"

"ಹೇಳದಿದ್ರೆ ಅವನಿಗೆ ಗೊತ್ತಾಗಲ್ಲ."

"ಸರಿ, ಹಾಗಾದ್ರೆ," ಎಂದಳು ಆರ್ಡಿಸ್, ಇನ್ನೊಂದು ಹೊದಿಕೆ ಎತ್ತಿಕೊಳ್ಳುತ್ತ. ಅವಳ ಸರಿ ಎಂಬ ಮಾತು ಎಷ್ಟು ಸರಿಯಿಲ್ಲವೆಂಬುದು ಲೈಲ್‌ಗೆ ಐವತ್ತು ವರ್ಷದಿಂದ ಗೊತ್ತು.

ಅವನು ಮೇಜಿಗೆ ಹಿಂತಿರುಗಿದ, ಆದರೆ ಕೂರಲಿಲ್ಲ. ಚೀಸಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡ. "ಎರಡು ನಿಮಿಷ ಆಟ ನಿಲ್ಲಿಸು ನೋರೀನ್. ಯಾರೂ ಚೀಸ್ ತಿನ್ನಬೇಡಿ."

"ಯಾಕೆ, ಹುಳ ಇದೆಯಾ?"

"ಅಲ್ಲ. ಬೆಂಕಿ ಅದು."

ನಕ್ಷೆಯ ಕೋಣೆಯೊಳಗೆ ಒಂದೊಂದು ಚೌಕಕ್ಕೆ ಒಂದೊಂದು ತುಂಡಿನಂತೆ ಹನ್ನೆರಡು ತುಂಡು ಇಟ್ಟ. ಓಣಿಯ ಆರನೇ ಚೌಕದಲ್ಲಿ ಬಿಯರಿನ ಬಿರಡೆ ಇಟ್ಟ. "ಇದು ಟೊರ್ವೆನ್," ಎಂದ. ಡೆಲ್ಮರ್ ಕುರ್ಚಿಯಲ್ಲಿ ನೆಟ್ಟಗಾದ. ಲೈಲ್ ಮೊದಲ ಪದರದ ಮೇಲೆ ಎರಡನೇ ಹನ್ನೆರಡು ಜೋಡಿಸಿದ. ಸಂದಿಲ್ಲ, ಓರೆಯಿಲ್ಲ, ಕೈ ತನ್ನ ಕೆಲಸ ಮರೆತಿರಲಿಲ್ಲ. ಮೂರನೇ ಪದರಕ್ಕೆ ಏಳು ತುಂಡಾದ ಮೇಲೆ ತಟ್ಟೆ ಖಾಲಿಯಾಯಿತು.

"ಎರಡು ಪೆಟ್ಟಿಗೆ ಬೆಂಕಿ ಕಮ್ಮಿ ಇದೆ," ಎಂದ.

ನೋರೀನ್ ಅಗಿಯುವುದನ್ನು ನಿಲ್ಲಿಸಿದಳು. "ನೀನು ಹೇಳೋ ಹೊತ್ತಿಗೆ ಬಾಯಲ್ಲಿತ್ತು."

ಲೈಲ್ ಗಟ್ಟಿಯಿಂದ ಎರಡು ತುಂಡು ಕತ್ತರಿಸಿ ಇಟ್ಟ. ಮೂವತ್ಮೂರು. ಮೇಲಿನ ಪದರದಲ್ಲಿ ಇನ್ನೂ ಮೂರು ಜಾಗ ಖಾಲಿ ಉಳಿದಿತ್ತು. ಬಾಗಿಲ ಹೊರಗೆ ಒಂದು ಚೂರೂ ಇರಲಿಲ್ಲ. ಓಣಿಯಲ್ಲಿ ಬಿರಡೆ ಒಂದೇ.

"ನಾನು ನೆಲ ಮಾತ್ರ ಎಣಿಸ್ದೆ ಡೆಲ್ಮರ್," ಎಂದ. "ಚಾವಣಿ ಮೂವತ್ತಡಿ ಅಂತ ಬರೆದವನೂ ನಾನೇ. ಬರೆದವನು ತಲೆ ಎತ್ತಿ ನೋಡ್ಲಿಲ್ಲ. ಬೆಂಕಿ ಹೊರಗೆ ಬರ್ತಿರ್ಲಿಲ್ಲ. ನಿನ್ನ ಗಡ್ಡದ ಒಂದು ಕೂದಲೂ ಸುಡ್ತಿರ್ಲಿಲ್ಲ."

ಮೂಲೆಯಲ್ಲಿ ತೇವ ಹೀರುವ ಯಂತ್ರದ ಬಕೆಟ್ಟು ತುಂಬಿ, ಅದು ಟಕ್ ಎಂದು ತಾನೇ ನಿಂತಿತು. ನೀರು ಸುರಿದು ಬರಲು ಯಾರೂ ಏಳಲಿಲ್ಲ.

ಡೆಲ್ಮರ್ ಆ ಮೂರು ಖಾಲಿ ಜಾಗವನ್ನೇ ನೋಡಿದ. "ನಾನು ಆವತ್ತು ಕೇಳ್ದೆ," ಎಂದ.

"ಕೇಳ್ದೆ."

"ಇಷ್ಟು ದೂರ ಬರತ್ತಾ ಅಂತ ಕೇಳ್ದೆ. ನೀನು ಏನಂದೆ?"

"ನೆಲ ಎಷ್ಟಿದೆಯೋ ಅಷ್ಟು ಬರತ್ತೆ ಅಂದೆ."

"ಗಂಟಲು ಬೇರೆ ಸರಿ ಮಾಡ್ಕೊಂಡೆ."

"ಮಾಡ್ಕೊಂಡೆ."

ಡೆಲ್ಮರ್ ಎದ್ದ. ಬಿರಡೆಯನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದ. ಮೇಲೆ ಅಡುಗೆಮನೆಯ ಬಾಗಿಲು ಸದ್ದಾಯಿತು. ಆಮೇಲೆ ಹೊರಗೆ ಅವನ ಪಿಕಪ್ ಗಾಡಿಯ ಬಾಗಿಲು.

ಲೈಲ್ ಕೂತ. ನೋರೀನ್ ಬಾವಲಿಗಳ ಹಾಳೆಯನ್ನು ಮಗುಚಿಟ್ಟಳು. "ಹೋಗ್ಲಿ ಬಿಡು," ಎಂದಳು. "ಇಸ್ಪೀಟಾದ್ರೂ ಆಡೋಣ."

"ಇಬ್ಬರಲ್ಲಿ ಅದೂ ಆಗಲ್ಲ," ಎಂದ ಲೈಲ್. ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತ. ಮಾಡಿದ್ದಕ್ಕೆ ಹೆಮ್ಮೆಯೇನೂ ಅನ್ನಿಸಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಗೊತ್ತಾಗಿದ್ದರೆ ಖಂಡಿತ ಬಿಯರು ಚೆಲ್ಲುತ್ತಿದ್ದೆ ಎಂದು ಮಾತ್ರ ಅನ್ನಿಸಿತು.

"ಗಾಡಿ ಇನ್ನೂ ಶುರು ಆಗಿಲ್ಲ," ಎಂದಳು ಆರ್ಡಿಸ್ ಮೂಲೆಯಿಂದ.

ಮೆಟ್ಟಿಲ ಮೇಲೆ ಕಾಲಿನ ಸದ್ದಾಯಿತು. ಡೆಲ್ಮರ್ ಇಳಿದು ಬಂದ. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ, ಬಿಸಿಲಿಗೆ ಚಹಾದ ಬಣ್ಣಕ್ಕೆ ತಿರುಗಿದ್ದು. ಗಾಡಿಯಲ್ಲಿ ಬಿಸಿಲು ಮರೆಗೆ ಇಳಿಸುವ ಹಲಗೆಯ ಹಿಂದೆ ಸಿಕ್ಕಿಸಿಟ್ಟದ್ದು. ಟೊರ್ವೆನ್ ಸತ್ತ ಮೇಲೆ ಮೂರು ಗಾಡಿ ಬದಲಾಗಿದ್ದವು. ಹಾಳೆ ಮೂರರಲ್ಲೂ ಪ್ರಯಾಣ ಮಾಡಿತ್ತು. ಅವನು ಅದನ್ನು ಬಿಡಿಸಿ ಮೇಜಿನ ಮೇಲೆ ಸವರಿದ. ಟೊರ್ವೆನ್. ಅಡ್ಡಲಾಗಿ ಪೆನ್ಸಿಲಲ್ಲಿ, ಸತ್ತ ಎಂದಿತ್ತು.

"ಪೆನ್ನಲ್ಲಿ ಬರೆಯೋಣ ಅಂತ ಎಷ್ಟೋ ಸಲ ಅಂದ್ಕೊಂಡೆ," ಎಂದ. "ಆಗ್ಲಿಲ್ಲ. ರಬ್ಬರ್ ಕೊಡಿ."

ನೋರೀನ್ ಕೊಟ್ಟಳು. ಅವನು ಉಜ್ಜಿದ. ಹಳೆಯ ಹಾಳೆ, ಹರಿಯಬಾರದೆಂದು ಮೆಲ್ಲಗೆ ಉಜ್ಜಿದ, ಪುಡಿಯನ್ನು ಊದಿದ. ಲೈಲ್ ಹಸಿರು ಪುಸ್ತಕ ತೆಗೆದು ಎಂಬತ್ತಾರನೇ ತೀರ್ಪಿನ ಮೇಲೆ ಅಡ್ಡಗೆರೆ ಎಳೆದ. ಗೆರೆ ನೆಟ್ಟಗೇ ಬಂತು.

"ಹಾಗಾದ್ರೆ ಇವನು ಇಷ್ಟು ವರ್ಷ ಎಲ್ಲಿದ್ದ?" ಎಂದಳು ನೋರೀನ್.

"ಓಣಿಯಲ್ಲೇ," ಎಂದ ಡೆಲ್ಮರ್. "ಆರನೇ ಚೌಕದಲ್ಲಿ. ಒಳಗೆ ಬಾ ಅಂತ ಯಾರೂ ಕರೀಲಿಲ್ಲ." ಬಿರಡೆಯನ್ನು ತೆಗೆದು ಆರನೇ ಚೌಕದಲ್ಲಿಟ್ಟ. ಆಮೇಲೆ ಬೊಗ್‌ನ ಹಾಳೆಯನ್ನು ಎರಡು ಬೆರಳಲ್ಲಿ ಲೈಲ್‌ನ ಮುಂದಕ್ಕೆ ತಳ್ಳಿದ. "ನಿನ್ನ ಪಂಡಿತನ್ನ ಮನೇಲಿ ಕೂರಿಸು. ಇನ್ಮೇಲೆ ನೀನು ಬೊಗ್."

"ಎಷ್ಟು ದಿನ?"

"ಮೂವತ್ತೊಂದು ವಾರ. ವರ್ಷ ಅನ್ನೋಣ ಅಂತಿದ್ದೆ, ನಿನ್ನ ಮಂಡಿ ನೋಡಿ ಬಿಟ್ಟೆ. ಒಂದು ನೆನಪಿರ್ಲಿ. ಬೊಗ್‌ಗೆ ಓದೋಕೆ ಬರಲ್ಲ. ಓದೋಕೆ ಬರದವನು ಪುಸ್ತಕದ ಮಾತು ಎತ್ತಂಗಿಲ್ಲ. ಚೌಕ ಎಣಿಸಂಗಿಲ್ಲ. ಗಂಟಲು ಸರಿ ಮಾಡ್ಕೊಳ್ಳಂಗಿಲ್ಲ."

"ತೀರ್ಪು ಯಾರು ಕೊಡ್ತಾರೆ ಮತ್ತೆ?"

ಡೆಲ್ಮರ್ ಮೂಲೆಯ ಕಡೆ ನೋಡಿದ. "ಆರ್ಡಿಸ್, ಬೆಂಕಿ ಎಲ್ಲಿಗೆ ಹೋಗತ್ತೆ?"

"ಮೇಲಕ್ಕೆ," ಎಂದಳು ಆರ್ಡಿಸ್.

ಆಟ ಐದು ಗಂಟೆಯವರೆಗೆ ನಡೆಯಿತು. ಟೊರ್ವೆನ್ ಎರಡು ಮಂತ್ರ ಹಾಕಿದ. ಎರಡನೆಯದು ತಪ್ಪು ಚೌಕಕ್ಕೆ ಬಿತ್ತು. ಲೈಲ್‌ಗೆ ಅದು ಕಣ್ಣಿಗೆ ಹೊಡೆದ ಹಾಗೆ ಕಂಡಿತು. ಬಾಯಿ ತೆರೆದ, ಡೆಲ್ಮರ್ ತನ್ನನ್ನೇ ನೋಡುತ್ತಿರುವುದು ಕಂಡು, ಒಂದು ತುಂಡು ಬೆಂಕಿ ಬಾಯಿಗೆ ಹಾಕಿಕೊಂಡು ಮುಚ್ಚಿದ.

ಅವರು ಹೋದ ಮೇಲೆ ಕುರ್ಚಿ ಮಡಿಸಿಟ್ಟು, ಚೀಸಿನ ಪುಡಿ ಒರೆಸಿ, ತೇವ ಹೀರುವ ಯಂತ್ರದ ಬಕೆಟ್ಟನ್ನು ಎಳೆದು ತೆಗೆದ. ಅಂಚಿನವರೆಗೂ ತುಂಬಿತ್ತು. ಎರಡು ಕೈಯಲ್ಲಿ ಹಿಡಿದು, ನೀರು ತುಳುಕದಂತೆ ನೆಲವನ್ನೇ ನೋಡುತ್ತ ಮೆಟ್ಟಿಲ ಕಡೆ ನಡೆದ. ಮೊದಲ ಮೆಟ್ಟಿಲಲ್ಲಿ ತಗ್ಗಿನ ಕೊಳವೆಗೆ ಹಣೆ ಬಡಿಯಿತು, ಪ್ರತಿದಿನ ಬಡಿಯುವ ಜಾಗದಲ್ಲೇ. ತಲೆ ಎತ್ತಿ ನೋಡಿದ. ಕೊಳವೆಗೆ ಕೆಂಪು ಬಟ್ಟೆಯೊಂದನ್ನು ಕಟ್ಟಿತ್ತು, ಅವನಿಗೆ ಕಾಣಲೆಂದು. ಬಟ್ಟೆ ಮಾಸಿ ಹಳೆಯದಾಗಿತ್ತು.

"ಇದನ್ನ ಯಾವಾಗ ಕಟ್ಟಿದ್ದು?" ಎಂದು ಕೇಳಿದ.

"ಹನ್ನೆರಡು ವರ್ಷ ಆಯ್ತು," ಎಂದಳು ಆರ್ಡಿಸ್. "ನೀರು ಟೊಮೇಟೊ ಬುಡಕ್ಕೆ ಹಾಕು. ನಿನ್ನೆ ಬೀನ್ಸಿಗೆ ಹಾಕಿದೀಯ."

ಲೈಲ್ ಹಿತ್ತಿಲಿಗೆ ಹೋಗಿ ಒಂದೊಂದು ಟೊಮೇಟೊ ಗಿಡದ ಬುಡಕ್ಕೂ ಸಮಸಮನಾಗಿ ನೀರು ಸುರಿದು, ಖಾಲಿ ಬಕೆಟ್ಟನ್ನು ತಂದು, ಟಕ್ ಎನ್ನುವವರೆಗೂ ಒಳಕ್ಕೆ ತಳ್ಳಿದ.